ಕಮಲಾಕ್ಷಿ ಹಾಸಿದ ಜಲ್ಲಿ

ನಮ್ಮೂರಿನಲ್ಲಿ ಕರೆಗಂಟೆ ಮಾರುವ ಅಂಗಡಿಯೇ ಇಲ್ಲ. ಬೇಕಾಗಿಲ್ಲ. ಯಾರಾದರೂ ಗೇಟು ತೆಗೆದು ಒಳಗೆ ಕಾಲಿಟ್ಟರೆ ಸಾಕು, ಗೇಟಿನಿಂದ ಬಾಗಿಲವರೆಗೆ ಹಾಸಿದ ಜಲ್ಲಿ ನಗುತ್ತದೆ. ಕೆಲವರ ಮನೆಯದು ಕಿಸಕ್ಕನೆ, ಕೆಲವರದು ಮುಸಿಮುಸಿ, ನಮ್ಮ ಬೀದಿಯ ವಕೀಲರ ಮನೆಯದು ಗಂಟಲು ಸರಿಮಾಡಿಕೊಂಡು ಒಂದೇ ಒಂದು ಸಲ. ಹಾಲಿನವನು ಬಂದರೆ ಒಂದು ಥರ, ಬೀಗರು ಬಂದರೆ ಇನ್ನೊಂದು ಥರ. ಚುನಾವಣೆಗೆ ನಿಂತವರು ಕೈಮುಗಿದುಕೊಂಡು ಬಂದರಂತೂ ಇಡೀ ಬೀದಿಯ ಜಲ್ಲಿ ಗೊಳ್ಳೆನ್ನುತ್ತದೆ, ಅದಕ್ಕೇ ಅವರು ಗೇಟಿನ ಹೊರಗೇ ನಿಂತು ಮಾತು ಮುಗಿಸಿ ಹೋಗಿಬಿಡುತ್ತಾರೆ. ಸಾವಿನ ಮನೆಗೆ ಮಾತಾಡಿಸಲು ಬರುವವರಿಗೆ ಮುಜುಗರವಾಗಬಾರದೆಂದು ಜಲ್ಲಿಯ ಮೇಲೆ ಉದ್ದಕ್ಕೂ ಹಲಗೆ ಹಾಸುವ ಪದ್ಧತಿ ಇದೆ. ಆ ಹಲಗೆಗಳನ್ನು ಬಾಡಿಗೆಗೆ ಕೊಡುವವನು ನಾನೇ.

ನನ್ನ ಹೆಸರು ನಂಜಪ್ಪ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಹಲಗೆ, ಎಲ್ಲ ಬಾಡಿಗೆಗೆ. ಊರಲ್ಲಿ ನಡೆದ ಮದುವೆಗಳಿಗೆಲ್ಲ ನಾನೇ ಶಾಮಿಯಾನ ಕಟ್ಟಿದ್ದೇನೆ, ನನ್ನದೊಂದನ್ನು ಬಿಟ್ಟು. ಅದಕ್ಕೆ ಕಾರಣ ನನ್ನ ಮುಂಗೋಪ ಎಂದು ನನ್ನ ಅಕ್ಕ ಗೌರಮ್ಮ ಹೇಳುತ್ತಾಳೆ. ಅವಳು ಹಾಗೆ ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನೂ ಅಕ್ಕನೂ ಒಂದೇ ಮನೆಯಲ್ಲಿದ್ದೇವೆ, ನಲವತ್ತು ದಾಟಿದ ಮೇಲೆ ನಾನು ಮದುವೆಯ ಮಾತನ್ನೇ ಬಿಟ್ಟಿದ್ದೆ. ಹಾಗೆ ಬಿಟ್ಟವನ ಮನೆ ಮುಂದಿನ ಜಲ್ಲಿ ಹೇಗಿರಬೇಕೋ ಹಾಗೇ ನಮ್ಮದಿತ್ತು. ಟೆಂಪೊ ಒಳಗೆ ಹೊರಗೆ ಓಡಾಡಿ ಎರಡು ಉದ್ದನೆಯ ಗುಂಡಿ ಬಿದ್ದಿದ್ದವು, ಅದರಲ್ಲಿ ಮಳೆನೀರು ನಿಲ್ಲುತ್ತಿತ್ತು, ನೀರಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು. ನಡುವೆ ಗರಿಕೆ. ಹಳೆಯ ಕಲ್ಲೆಲ್ಲ ಕೆಸರಿನಲ್ಲಿ ಹೂತುಹೋಗಿ, ಯಾರಾದರೂ ನಡೆದರೆ ಎಲ್ಲೋ ಒಂದೆರಡು ಗಂಟಲು ಕಟ್ಟಿದಂತೆ ಕೆಮ್ಮುತ್ತಿದ್ದವು, ಅಷ್ಟೇ.

ಆಮೇಲೆ ಕಮಲಾಕ್ಷಿ ನಮ್ಮ ಅಂಗಡಿಯ ಮುಂದೆ ಬಂದಳು, ರೋಡ್ ರೋಲರ್ ಓಡಿಸಿಕೊಂಡು. ಪುರಸಭೆಯ ರೋಲರ್ ನಡೆಸುವ ಕೆಲಸ ಅವಳದು. ರಸ್ತೆಗೆ ಹೊಸದಾಗಿ ಜಲ್ಲಿ ಹಾಸಿ ನೀರು ಹೊಡೆದಿದ್ದರು, ನಾನು ತಲೆ ಕೆಡಿಸಿಕೊಳ್ಳದೆ ಅದರ ಮೇಲೆ ಟೆಂಪೊ ನುಗ್ಗಿಸಿದೆ. ಅವಳು ರೋಲರ್ ನಿಲ್ಲಿಸಿ ಇಳಿದು ಬಂದು ಬೀದಿಯೆಲ್ಲ ಕೇಳುವಂತೆ ಬೈದಳು. ನನ್ನನ್ನು ಹಾಗೆ ಬೈದು ಉಳಿದವರಿಲ್ಲ. ಆದರೆ ಆವತ್ತು ನನಗೆ ಸಿಟ್ಟೇ ಬರಲಿಲ್ಲ. ಒಳಗೆ ಹೋಗಿ ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಕುರ್ಚಿ ತಂದು ರಸ್ತೆಯಲ್ಲಿಟ್ಟು, "ಬಿಸಿಲು ಜಾಸ್ತಿ ಇದೆ, ಕೂತ್ಕೊಂಡು ಬೈಯಿರಿ ಮೇಡಂ," ಎಂದೆ. ಅವಳು ಕೂತಳು. ಕೂತು ಇನ್ನಷ್ಟು ಬೈದಳು. ಆಮೇಲೆ ಕುಡಿಯಲು ನೀರು ಕೇಳಿದಳು. ಆ ವಾರ ಪೂರ್ತಿ ರೋಲರ್ ನಮ್ಮ ಅಂಗಡಿಯ ಮುಂದೆಯೇ ಹಿಂದೆ ಮುಂದೆ ಓಡಾಡಿತು. ಊರಿನಲ್ಲಿ ಅಷ್ಟು ಗಟ್ಟಿಯಾದ ರಸ್ತೆ ಇನ್ನೊಂದಿಲ್ಲ.

ಅಕ್ಕನಿಗೆ ವಿಷಯ ತಿಳಿಯಲು ಎಷ್ಟು ಹೊತ್ತು ಬೇಕು? ಅವಳೇ ಹೋಗಿ ಕಮಲಾಕ್ಷಿಯ ಸೋದರಮಾವ ರುದ್ರಪ್ಪನವರನ್ನು ಕಂಡು ಮಾತಾಡಿ ಬಂದಳು. ರುದ್ರಪ್ಪನವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ನೆಟ್ಟಗೆ ನಿಂತ ಮನುಷ್ಯ. ಅವರು ನಕ್ಕಿದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. "ಹುಡುಗಿಗೆ ಮನಸ್ಸಿದ್ದ ಹಾಗಿದೆ," ಎಂದರಂತೆ. "ಆದ್ರೆ ಎಲ್ಲ ಪದ್ಧತಿ ಪ್ರಕಾರ ಆಗ್ಬೇಕು. ಜಲ್ಲಿ ನಕ್ರೆ ಲಗ್ನ, ನಗದಿದ್ರೆ ಇಲ್ಲ."

ಇದು ನಮ್ಮೂರಿನ ಪದ್ಧತಿ. ಯಾರ ಮನೆಗೆ ಯಾರು ಬಾಳಲು ಬರುವುದಿದ್ದರೂ ಮೊದಲು ಬರಿಗಾಲಿನಲ್ಲಿ, ಒಬ್ಬರೇ, ಗೇಟಿನಿಂದ ಬಾಗಿಲಿಗೆ ನಡೆಯಬೇಕು. ಮದುವೆಯಾಗುವವನು ಗೇಟಿನ ಹೊರಗೆ ಹಿರಿಯರ ಜೊತೆ ನಿಂತು ಕೇಳಿಸಿಕೊಳ್ಳಬೇಕು. ಅದಕ್ಕೂ ಮೊದಲು ಹಿರಿಯರೊಬ್ಬರು ಬಂದು ದಾರಿ ನೋಡಿ ಹೋಗುತ್ತಾರೆ. ನಾನು ಹೊರಗೆ ಹೋಗಿ ನಮ್ಮ ದಾರಿಯನ್ನು ಒಂದು ಸಲ ನೋಡಿ ಬಂದೆ. ಆ ಕೆಸರಿನ ಮೇಲೆ ಕಮಲಾಕ್ಷಿ ನಡೆದರೆ ನಗುವುದು ಕಪ್ಪೆಗಳು ಮಾತ್ರ.

ಹೊಸ ಜಲ್ಲಿ ಹಾಸಿಸಬಹುದಿತ್ತು. ಆದರೆ ಕ್ವಾರಿಯ ಜಲ್ಲಿ ಒಂದು ಮಳೆ ಕಾಣುವವರೆಗೆ ತುಟಿ ಬಿಚ್ಚುವುದಿಲ್ಲ, ರುದ್ರಪ್ಪನವರು ಬರುವುದು ಭಾನುವಾರ, ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಆಗ ನನ್ನ ತಲೆಗೆ ಹೊಳೆಯ ಗುಂಡುಕಲ್ಲು ಬಂತು. ಹೊಳೆಯಲ್ಲೇ ಬಿದ್ದಿದ್ದು ನೀರು ಕುಡಿದು ಕುಡಿದು ನುಣ್ಣಗಾದ ಕಲ್ಲು, ಅದಕ್ಕೆ ಮಳೆ ಕಾಯಬೇಕಾಗಿಲ್ಲ. ಹಾಸಿದ ಗಳಿಗೆಯಿಂದ ನಗುತ್ತದೆ. ಊರಲ್ಲಿ ಯಾರೂ ಅದನ್ನು ಹಾಸುವುದಿಲ್ಲ, ಹೊಳೆಕಲ್ಲಿಗೆ ಬುದ್ಧಿ ಇಲ್ಲ ಎನ್ನುತ್ತಾರೆ. ನನಗೆ ಬೇಕಾಗಿದ್ದದ್ದು ನಗು, ಬುದ್ಧಿ ಕಟ್ಟಿಕೊಂಡು ಏನು ಮಾಡಲಿ? ಗುಂಡಿ ಮುಚ್ಚಲಿಲ್ಲ, ಗರಿಕೆ ಕೀಳಲಿಲ್ಲ, ಕಪ್ಪೆಗಳಿಗೂ ಹೇಳಲಿಲ್ಲ. ಟೆಂಪೊ ತುಂಬ ಗುಂಡುಕಲ್ಲು ತಂದು ಎಲ್ಲದರ ಮೇಲೆ ಸುರಿದುಬಿಟ್ಟೆ.

ಸುರಿಯುವಾಗಲೇ ಶುರುವಾಯಿತು. ನಾನು ಒಂದು ಹೆಜ್ಜೆ ಇಟ್ಟರೆ ಹೋ ಎಂದು ನಕ್ಕವು. ಅಕ್ಕ ಕಾಫಿ ಲೋಟ ಹಿಡಿದು ಬಂದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕವು. ಬೆಕ್ಕು ಬಂತು, ನಕ್ಕವು. ಒಂದು ಎಲೆ ಬಿತ್ತು, ಅದಕ್ಕೂ. ಗಾಳಿ ಬೀಸಿದರೆ ನಗು, ನಿಂತರೆ ಗಾಳಿ ನಿಂತಿತೆಂದು ನಗು. ಊಟಕ್ಕೆ ಕೂತರೆ ಹೊರಗಿನ ನಗು ಕೇಳಿ ನನಗೂ ಅಕ್ಕನಿಗೂ ನಗು ಬಂದು ಅನ್ನ ನೆತ್ತಿಗೇರಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು, ಮುಚ್ಚಿಕೊಂಡು ಒಳಗಿಂದ ನಕ್ಕರು.

"ಇದು ಮನೆ ಮುಂದೆ ನಗು ಅಲ್ಲ ಕಣೋ ನಂಜಾ, ಮನೆ ಮಂದಿಗೆ ಹುಚ್ಚು," ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತಾ. "ಎತ್ತಿ ಹಾಕ್ಸು ಮೊದ್ಲು."

"ಭಾನುವಾರ ಒಂದು ಮುಗೀಲಿ ಸುಮ್ನಿರಕ್ಕ. ನಗಬೇಕು ಅಂದ್ರಲ್ಲ, ನಗ್ತಾ ಇದೆ," ಎಂದೆ.

ಭಾನುವಾರ ರುದ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಂದರು. ಗೇಟಿನ ಹತ್ತಿರ ನಿಂತು ಎದೆ ಸೆಟೆಸಿ ಡ್ರಿಲ್ಲಿನ ಹೆಜ್ಜೆಯನ್ನೇ ಎತ್ತಿ ಇಟ್ಟರು. ಗುಂಡುಕಲ್ಲು ಒಂದರ ಮೇಲೊಂದು ನಿಲ್ಲುವ ಜಾತಿಯಲ್ಲ, ಕಾಲ ಕೆಳಗಿನಿಂದ ಉರುಳುತ್ತದೆ. ಎರಡನೇ ಹೆಜ್ಜೆಗೆ ಅವರ ಬಲಗಾಲು ಪೂರ್ವಕ್ಕೆ ಹೋಯಿತು, ಎಡಗಾಲು ಪಶ್ಚಿಮಕ್ಕೆ. ಮೇಷ್ಟ್ರು ಎರಡೂ ಕೈ ಆಕಾಶಕ್ಕೆತ್ತಿ, ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ, ಟೆಂಪೊ ಮಾಡಿದ್ದ ಗುಂಡಿಯಲ್ಲಿ ಪಚಕ್ಕನೆ ಕುಳಿತರು. ಮೇಲಿನ ಕಲ್ಲು ಸರಿದು ಕೆಳಗಿನ ಕೆಸರು ಪಂಚೆಗೆ ಹಾರಿತು, ಒಂದು ಕಪ್ಪೆ ಅವರ ತೊಡೆಯ ಮೇಲೆ ಬಂದು ಕುಳಿತು ಅತ್ತಿತ್ತ ನೋಡಿತು. ಆಗ ಕಲ್ಲುಗಳು ನಕ್ಕ ನಗುವನ್ನು ಹೇಗೆ ಹೇಳಲಿ! ಅಲೆಅಲೆಯಾಗಿ ಗೇಟಿನಿಂದ ಬಾಗಿಲಿಗೆ ಹೋಗಿ, ಬಾಗಿಲಿಗೆ ಬಡಿದು ಮತ್ತೆ ಗೇಟಿಗೆ ಬಂತು. ನಾನು ತುಟಿ ಕಚ್ಚಿಕೊಂಡು ಅವರನ್ನು ಎತ್ತಲು ಹೋಗಿ ಅವರ ಪಕ್ಕದಲ್ಲೇ ಬಿದ್ದೆ. ನನಗೆ ಬೇರೆಯಾಗಿ ಇನ್ನೊಂದು ಸುತ್ತು ನಕ್ಕವು.

ರುದ್ರಪ್ಪನವರು ಎದ್ದು, ಕಪ್ಪೆಯನ್ನು ಕೆಳಗಿಳಿಸಿ, ನನ್ನ ಮುಖ ನೋಡಿದರು. "ಎಲ್ಲಾರಿಗೂ ನಗೋ ಕಲ್ಲು ಯಾರಿಗೂ ನಕ್ಕ ಹಾಗಲ್ಲ ಕಣಯ್ಯಾ. ಮೋಸದ ದಾರಿ ಹಾಸಿದ್ದೀಯ. ಈ ಮಾತು ಇಲ್ಲಿಗೇ ಬಿಡು," ಎಂದು ಹೊರಟುಹೋದರು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು. ಆ ಇಡೀ ದಿನ ಕಲ್ಲುಗಳು ನಗುತ್ತಲೇ ಇದ್ದವು. ನಾನು ಒಳಗೆ ಶಾಮಿಯಾನದ ಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿ ಮಲಗಿ ಅತ್ತೆ. ಅಳುವುದೇನು ನಾಚಿಕೆಯ ವಿಷಯವಲ್ಲ, ನನಗೆ ಕಮಲಾಕ್ಷಿ ಬೇಕಾಗಿದ್ದಳು.

ಮಾರನೆಯ ಬೆಳಿಗ್ಗೆ ನೆಲ ನಡುಗಿತು. ಲೋಟದಲ್ಲಿನ ಕಾಫಿ ತುಳುಕಿತು. ಹೊರಗೆ ಬಂದು ನೋಡಿದರೆ ಗೇಟಿನ ಮುಂದೆ ರೋಲರ್, ಅದರ ಮೇಲೆ ಕಮಲಾಕ್ಷಿ, ಸೀರೆಯ ಮೇಲೊಂದು ಗಂಡಸರ ಅಂಗಿ, ತಲೆಗೆ ಬಿಗಿದು ಕಟ್ಟಿದ ಟವೆಲು.

"ಏನ್ರೀ ನಂಜಪ್ನೋರೆ, ಇದೇನು ದಾರೀನಾ, ಗೋಲಿ ಆಡೋ ಬಯಲಾ?" ಎಂದಳು.

"ಮೇಡಂ, ನಿಮ್ಮ ಮಾವ..."

"ಮಾವನ ವಿಷ್ಯ ಆಮೇಲೆ. ಮದ್ವೆ ವಿಷ್ಯಾನೂ ಆಮೇಲೆ. ಇಂಥ ದಾರಿ ನಮ್ಮೂರಲ್ಲಿದೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರಲ್ಲ. ಒಂದು ವಾರ ರಜ ಹಾಕಿದೀನಿ, ರೋಲರ್‌ಗೆ ಸಾಹೇಬ್ರನ್ನ ಕೇಳಿ ಬಂದಿದೀನಿ. ಗುದ್ದಲಿ ಎಲ್ಲಿದೆ?"

ನಾನು ಗುದ್ದಲಿ ಹುಡುಕಲು ಓಡಿದ ವೇಗಕ್ಕೆ ಗುಂಡುಕಲ್ಲುಗಳು ಚಪ್ಪಾಳೆ ಹೊಡೆದಂತೆ ನಕ್ಕವು.

ಅವಳ ಜೊತೆ ಕೆಲಸ ಮಾಡುವುದೆಂದರೆ ಬೈಸಿಕೊಳ್ಳುವುದು, ಬೈಸಿಕೊಳ್ಳುವುದೆಂದರೆ ನನಗೆ ಹಬ್ಬ. ಮೊದಲು ಗುಂಡುಕಲ್ಲನ್ನೆಲ್ಲ ಬಾಂಡ್ಲಿಯಲ್ಲಿ ತುಂಬಿ ಟೆಂಪೊಗೆ ಹಾಕಿ ಹೊಳೆಗೆ ವಾಪಸು ಬಿಟ್ಟುಬಂದೆವು. ದಾರಿಯುದ್ದಕ್ಕೂ ಅವು ಪ್ರವಾಸ ಹೊರಟ ಶಾಲೆಮಕ್ಕಳ ಹಾಗೆ ಗದ್ದಲ ಮಾಡಿದವು. ಕಪ್ಪೆಗಳನ್ನು ಅಕ್ಕ ಬಕೀಟಿನಲ್ಲಿ ಹಿಡಿದು ಕೆರೆಗೆ ಸಾಗಿಸಿದಳು. ಆಮೇಲೆ ಗರಿಕೆಯನ್ನು ಬೇರು ಸಮೇತ ಕಿತ್ತು, ಕೆಸರನ್ನು ಗಟ್ಟಿ ನೆಲ ಸಿಗುವವರೆಗೆ ಕೆರೆದೆವು. "ಗುಂಡಿಗೆ ಮೇಲಿಂದ ಕಲ್ಲು ಸುರಿದ್ರೆ ಗುಂಡಿ ಮುಚ್ಚಲ್ಲ ಕಣ್ರೀ, ಕಲ್ಲು ತಿಂದ್ಕೊಂಡು ಇನ್ನೂ ದೊಡ್ಡದಾಗುತ್ತೆ," ಎಂದು ಅವಳು ನನ್ನ ಕೈಯಿಂದಲೇ ಎರಡೂ ಗುಂಡಿಯನ್ನು ತಳದವರೆಗೆ ಅಗೆಸಿದಳು. ಎರಡೂ ಪಕ್ಕ ನೀರು ಹರಿದು ಹೋಗಲು ಸಣ್ಣ ಚರಂಡಿ ತೋಡಿಸಿದಳು. ತಳಕ್ಕೆ ದಪ್ಪ ಕಲ್ಲು, ಮೇಲೆ ನಡುಗಾತ್ರದ ಕ್ವಾರಿ ಜಲ್ಲಿ, ಅದರ ಸಂದಿಗೆ ಸಣ್ಣ ಜಲ್ಲಿ ಮತ್ತು ಕಲ್ಲಿನ ಪುಡಿ. ಮೂಲೆಮೂಲೆ ಇರುವ ಒಡೆದ ಕಲ್ಲೇ ಆಗಬೇಕು, ಒಂದರ ಮೂಲೆ ಇನ್ನೊಂದನ್ನು ಕಚ್ಚಿ ಹಿಡಿಯಬೇಕು ಎಂದು ಎರಡು ಕೈಯ ಬೆರಳುಗಳನ್ನು ಹೆಣೆದು ತೋರಿಸಿದಳು. ನನ್ನ ಬೆರಳನ್ನೂ ಹೆಣೆದು ತೋರಿಸಬಹುದೇನೋ ಎಂದು ಕಾದೆ. ಅವಳು ನೀರು ತನ್ನಿ ಎಂದಳು.

ನಡುವೆ ಎತ್ತರ, ಎರಡೂ ಕಡೆ ತಗ್ಗು, ಆಮೆಯ ಬೆನ್ನಿನ ಹಾಗೆ ದಾರಿಯನ್ನು ತಿದ್ದಿ, ನೀರು ಚಿಮುಕಿಸಿ, ಅವಳು ರೋಲರ್ ಹತ್ತಿದಳು. ರೋಲರ್ ಹೋಗಲಾಗದ ಅಂಚಿನಲ್ಲಿ ನಾನು ದಮ್ಮಸು ಹಿಡಿದು ಧಬಧಬ ಕುಟ್ಟಿದೆ. ಮೈಯೆಲ್ಲ ಧೂಳು, ಕೈಯೆಲ್ಲ ಬೊಬ್ಬೆ, ನನಗೆ ಸುಮ್ಮಸುಮ್ಮನೆ ಶಿಳ್ಳೆ ಹಾಕಬೇಕೆನಿಸುತ್ತಿತ್ತು. ಹಾಕಿಯೂ ಹಾಕಿದೆ. ಅಕ್ಕ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡಳು. ಎರಡು ಹೊತ್ತೂ ಕಮಲಾಕ್ಷಿಗೆ ನಮ್ಮಲ್ಲೇ ಊಟ. ಅವಳು ಜೋರಾಗಿ ಮಾತಾಡುತ್ತಾ, ಜೋರಾಗಿ ತಿನ್ನುತ್ತಾ, ಉಪ್ಪು ಕಡಿಮೆಯಾದರೆ ಅದನ್ನೂ ಜೋರಾಗಿಯೇ ಹೇಳುತ್ತಿದ್ದಳು.

ಕೊನೆಯ ದಿನ ದಾರಿ ಎಷ್ಟು ಗಟ್ಟಿಯಾಗಿತ್ತೆಂದರೆ ಒಂದು ಕಲ್ಲೂ ಅಲುಗಾಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ಭಯ ಹತ್ತಿತು. ಸಡಿಲ ಇದ್ದಷ್ಟೂ ಜಲ್ಲಿ ಜಾಸ್ತಿ ನಗುತ್ತದೆ, ಇದು ಊರಿಗೆಲ್ಲ ಗೊತ್ತು. ಅವಳು ಇನ್ನೊಂದು ಸುತ್ತು ರೋಲರ್ ತಿರುಗಿಸುವಾಗ ಅಡ್ಡ ನಿಂತೆ.

"ಸಾಕು ಬಿಡಿ ಮೇಡಂ. ಸ್ವಲ್ಪ ಸಡಿಲ ಇರ್ಲಿ. ನಿಮ್ಮ ಮಾವ ಇನ್ನೊಂದ್ಸಲ ಮನಸ್ಸು ಮಾಡಿ, ನೀವು ನಡೆದಾಗ ಅದು ನಗದೇ ಹೋದ್ರೆ?"

ಅವಳು ಎಂಜಿನ್ ನಿಲ್ಲಿಸಿದಳು. "ನಗದೇ ಹೋದ್ರೆ ನಗದೇ ಹೋಗ್ಲಿ. ನಾಳೆ ಮಳೆ ಬಂದ್ರೆ ಕೊಚ್ಕೊಂಡು ಹೋಗೋ ದಾರಿ ನನ್ನ ಕೈಯಲ್ಲಿ ಆಗಲ್ಲ. ಯಾರ ಮದ್ವೆಗೂ ಆಗಲ್ಲ."

"ಯಾರ ಮದ್ವೆಗೂ ಅಂದ್ರೆ... ನಿಮ್ಮ ಮದ್ವೆಗೂ?"

"ಪಕ್ಕಕ್ಕೆ ಸರೀರಿ," ಎಂದು ಮತ್ತೆ ಎಂಜಿನ್ ಹಾಕಿದಳು. ನಾನು ಸರಿದೆ. ನನ್ನ ಮೇಲೆ ಮನಸ್ಸಿದ್ದವಳು ಹೀಗೆ ಹೇಳುತ್ತಾಳೆಯೇ? ದಮ್ಮಸನ್ನು ಮೂಲೆಗೆ ಎಸೆದು ಒಳಗೆ ಹೋದೆ. ಅಕ್ಕ ಕೇಳಿದ್ದಕ್ಕೆ ಹಸಿವಿಲ್ಲ ಎಂದೆ. ಆಮೇಲೆ ಅವಳು ಕಾಣದಂತೆ ಎರಡು ರೊಟ್ಟಿ ತಿಂದೆ.

ಮಾವನನ್ನು ಒಪ್ಪಿಸಿದ್ದು ಯಾರೋ ಗೊತ್ತಿಲ್ಲ. ದಾರಿ ಹೊಸದಾಗಿದೆಯಂತೆ, ಒಂದು ಮಳೆ ಆದ ಮೇಲೆ ಹುಡುಗಿಯನ್ನೇ ನಡೆಸೋಣ, ಕಡೆಯ ಸಲ, ಎಂದು ರುದ್ರಪ್ಪನವರಿಂದ ಹೇಳಿಕೆ ಬಂತು. ನಾನು ಆಕಾಶ ನೋಡುತ್ತಾ ಕುತ್ತಿಗೆ ನೋಯಿಸಿಕೊಂಡೆ. ಮಳೆ ಬಂತು, ಒಳ್ಳೆಯ ಮಳೆ, ಸೂರಿನಿಂದ ಧಾರೆ ಸುರಿಯಿತು. ನೀರು ಆಮೆಬೆನ್ನಿನಿಂದ ಇಳಿದು ಎರಡೂ ಚರಂಡಿಯಲ್ಲಿ ಶಿಸ್ತಾಗಿ ಹರಿದುಹೋಯಿತು. ಒಂದು ಹನಿಯೂ ದಾರಿಯಲ್ಲಿ ನಿಲ್ಲಲಿಲ್ಲ. ಮಳೆ ಬಿಟ್ಟ ಮೇಲೆ ನನಗೆ ಕಾಲಿಡಲು ಧೈರ್ಯ ಸಾಲದೆ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದೆ. ಅಕ್ಕ ಮೂಗು ಮುರಿದು, ಸೆರಗು ಸಿಕ್ಕಿಸಿ, ನೇರ ಮೆಟ್ಟಿಲಿಳಿದು ಜಲ್ಲಿಯ ಮೇಲೆ ಹೆಜ್ಜೆ ಇಟ್ಟಳು.

ಅದು ನಕ್ಕಿತು! ಅಂಥ ನಗುವನ್ನು ನಾನು ಯಾರ ಮನೆಯಲ್ಲೂ ಕೇಳಿರಲಿಲ್ಲ. ಗದ್ದಲವಿಲ್ಲ, ಕೂಗಾಟವಿಲ್ಲ, ಹಬ್ಬದ ಅಡುಗೆ ಮುಗಿಸಿ ಕೂತ ಹೆಂಗಸರು ನಗುವ ಹಾಗೆ ಒಳಗಿನಿಂದ ತುಂಬಿಕೊಂಡು ಬರುವ ನಗು. ಅಕ್ಕ ಗೇಟಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು, ಸುಮ್ಮನೆ ಒಂದು ಸಲ ಕುಣಿದೂ ನೋಡಿದಳು. "ನಂಜಾ, ನಿನ್ನ ಶಾಮಿಯಾನ ಒಗೆಸೋ!" ಎಂದು ಅಲ್ಲಿಂದಲೇ ಕೂಗಿದಳು. ನಾನು ಹಿತ್ತಿಲಲ್ಲಿ ಒಬ್ಬನೇ ಮೂರು ಸುತ್ತು ಓಡಿದೆ. ಕೆಂಪು ಮಖಮಲ್ಲಿನ ಕುರ್ಚಿಗಳನ್ನು ಹೊರಗೆ ತಂದು ಧೂಳು ಹೊಡೆದೆ.

ಕಮಲಾಕ್ಷಿ ನಡೆಯುವ ದಿನ ಬೀದಿಯೆಲ್ಲ ನಮ್ಮ ಕಾಂಪೌಂಡಿನ ಗೋಡೆ ಹತ್ತಿತ್ತು. ಅಕ್ಕ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಗೇಟಿನ ಹೊರಗೆ, ರುದ್ರಪ್ಪನವರ ಪಕ್ಕದಲ್ಲಿ, ಹೊಸ ಅಂಗಿಯ ಕಾಲರು ಕತ್ತು ಹಿಸುಕುತ್ತಿದ್ದರೂ ಹಲ್ಲು ಕಿರಿದುಕೊಂಡು ನಿಂತಿದ್ದೆ. ಕಮಲಾಕ್ಷಿ ಪಾಚಿಬಣ್ಣದ ರೇಷ್ಮೆಸೀರೆ ಉಟ್ಟಿದ್ದಳು. ಟವೆಲು ಇಲ್ಲದ ಅವಳ ತಲೆಯನ್ನು ನೋಡಿದ್ದು ಅದೇ ಮೊದಲು, ಅಷ್ಟೊಂದು ಕೂದಲು ಅದರೊಳಗೆ ಹೇಗೆ ಹಿಡಿಸುತ್ತಿತ್ತೋ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

ಸದ್ದಿಲ್ಲ.

ಮೊದಲ ಹೆಜ್ಜೆಯಲ್ಲವೇ ಎಂದುಕೊಂಡೆ. ಎರಡನೆಯದಕ್ಕೂ ಇಲ್ಲ. ಗೋಡೆಯ ಮೇಲಿನವರು ಕಿವಿ ಮುಂದಕ್ಕೆ ಚಾಚಿದರು. ಅವಳು ನಡೆಯುತ್ತಲೇ ಹೋದಳು, ನೆಟ್ಟಗೆ, ಅವಸರವಿಲ್ಲದೆ, ಆಮೆಬೆನ್ನಿನ ನಟ್ಟನಡುವೆ. ಅವಳ ಕಾಲುಗೆಜ್ಜೆಯ ಸದ್ದು ಕೇಳುತ್ತಿತ್ತು, ಜಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಅರ್ಧ ದಾರಿಯಾಯಿತು. ಮುಕ್ಕಾಲಾಯಿತು. ಬಾಗಿಲ ಮುಂದೆ ಹೋಗಿ ನಿಂತಳು.

"ಮುಗೀತು," ಎಂದರು ರುದ್ರಪ್ಪನವರು. "ಬಾರಮ್ಮಾ, ಹೋಗೋಣ."

ನನ್ನ ಮುಂಗೋಪದ ಬಗ್ಗೆ ಅಕ್ಕ ಹೇಳುವುದೆಲ್ಲ ನಿಜವಿರಬಹುದು. ಆದರೆ ಆವತ್ತು ಅದು ಬಂದದ್ದು ಒಳ್ಳೆಯದೇ ಆಯಿತು. ನನಗೆ ಜಲ್ಲಿಯ ಮೇಲೆ ಸಿಟ್ಟು ಬಂತು, ಪದ್ಧತಿಯ ಮೇಲೆ ಬಂತು, ಬೆಕ್ಕಿಗೆ ನಕ್ಕು ಮೇಷ್ಟ್ರಿಗೆ ನಕ್ಕು ನನಗೆ ಇಷ್ಟೆಲ್ಲ ಆಟ ಆಡಿಸಿದ ಜಗತ್ತಿನ ಕಲ್ಲುಗಳ ಮೇಲೆಲ್ಲ ಬಂತು. ಗೇಟು ತಳ್ಳಿ ಒಳಗೆ ಓಡಿದೆ. ಗಂಡು ಹಾಗೆ ಒಳಗೆ ನುಗ್ಗುವಂತಿಲ್ಲ, ಗೋಡೆಯ ಮೇಲಿನವರು ಹೋ ಹೋ ಎಂದು ಕೂಗಿದರು. ನಾನು ನಿಂತಿದ್ದು ಕಮಲಾಕ್ಷಿಯ ಎದುರಿಗೇ.

"ಕಮಲಾಕ್ಷಿಯವ್ರೇ," ಎಂದೆ ಏದುಸಿರು ಬಿಡುತ್ತಾ. "ಕಲ್ಲು ನಗ್ಲಿ ಬಿಡ್ಲಿ. ನಿಮಗೆ ನನ್ನ ಮದ್ವೆ ಆಗೋಕೆ ಇಷ್ಟ ಇದೆಯಾ?"

ಅವಳು ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಆಣೆಗೂ ಇತ್ತು. ಆದರೆ ಬಾಯಿಂದ ಬಂದದ್ದು ಬೈಗುಳ. "ಅಬ್ಬಾ, ಕೇಳಿದ್ರಲ್ಲ! ಅಕ್ಕನ್ನ ಕಳಿಸಿ ಮಾವನ್ನ ಕೇಳಿಸಿದ್ರಿ. ಹೊಳೆ ಕಲ್ಲನ್ನ ಕೇಳಿದ್ರಿ, ಕ್ವಾರಿ ಕಲ್ಲನ್ನ ಕೇಳಿದ್ರಿ. ಒಂದು ವಾರ ನಿಮ್ಮ ಪಕ್ಕದಲ್ಲೇ ನಿಂತು ಮಣ್ಣು ಹೊತ್ತೆ, ನನ್ನನ್ನ ಯಾವಾಗ ಕೇಳ್ತೀರಾ ಅಂತ. ಬರೀ ನಗುತ್ತಾ, ನಗಲ್ವಾ, ಸಡಿಲ ಇರ್ಲಾ!"

"ಈಗ ಕೇಳ್ತಿದೀನಲ್ಲ," ಎಂದೆ.

ಅಷ್ಟರಲ್ಲಿ ರುದ್ರಪ್ಪನವರಿಗೆ ತಾಳ್ಮೆ ತಪ್ಪಿತು. "ಕಲ್ಲು ಒಪ್ಪದ ಮನೇಲಿ ಏನಮ್ಮಾ ಮಾತು?" ಎಂದು ಗುಡುಗಿ, ಎದೆ ಸೆಟೆಸಿ, ದಬದಬ ಹೆಜ್ಜೆ ಹಾಕುತ್ತಾ ಒಳಗೆ ಬಂದರು. ಅವರ ಮೊದಲ ಹೆಜ್ಜೆಗೇ ಜಲ್ಲಿ ನಕ್ಕಿತು, ಅಕ್ಕನಿಗೆ ನಕ್ಕ ಅದೇ ತುಂಬುನಗು. ಅವರು ಬೆಚ್ಚಿ ನಿಂತರು. ಇನ್ನೊಂದು ಹೆಜ್ಜೆ, ಇನ್ನೊಂದು ನಗು. ಗದರಿಸಲು ಬಾಯಿ ತೆರೆದರು, ಕಾಲ ಕೆಳಗೆ ಅಷ್ಟೊಂದು ಒಳ್ಳೆಯ ನಗು ಬರುತ್ತಿರುವಾಗ ಯಾರಿಗೆ ಗದರಿಸಲು ಆಗುತ್ತದೆ? ಗೋಡೆಯ ಮೇಲೆ ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ. ಮೇಷ್ಟ್ರ ಮೀಸೆ ಅಲುಗಿತು, ಕೆನ್ನೆ ಉಬ್ಬಿತು. ಬೇಡ ಬೇಡವೆಂದು ತಡೆದುಕೊಂಡು ಕೊನೆಗೆ ಸೊಂಟ ಹಿಡಿದುಕೊಂಡು ನಗಲು ಶುರುಮಾಡಿದರು.

"ಹಾಗಾದ್ರೆ ನಿಂಗ್ಯಾಕೆ ನಗಲಿಲ್ಲಮ್ಮಾ?" ಎಂದು ನಗುವಿನ ನಡುವೆಯೇ ಕೇಳಿದರು.

"ಮಾಡಿದೋಳನ್ನ ನೋಡಿ ದಾರಿ ನಗುತ್ತಾ ಮಾವ?" ಎಂದಳು ಕಮಲಾಕ್ಷಿ. "ಇಷ್ಟು ವರ್ಷ ರಸ್ತೆ ಮಾಡಿದೀನಿ, ಒಂದೂ ನನಗೆ ನಕ್ಕಿಲ್ಲ. ನಗಬೇಕಾದ್ದೂ ಇಲ್ಲ. ನಾನೇನು ಕಲ್ಲನ್ನ ಕಟ್ಕೊಳ್ತಿದೀನಾ?"

ನಾನು ಒಳಗೆ ಓಡಿದಾಗ ಜಲ್ಲಿ ನಕ್ಕಿತೇ ಎಂದು ಆಮೇಲೆ ಗೋಡೆಯ ಮೇಲಿದ್ದವರನ್ನೆಲ್ಲ ಕೇಳಿದ್ದೇನೆ. ಇಲ್ಲವಂತೆ, ಒಂದು ಕಲ್ಲೂ ಪಿಟಕ್ಕೆನ್ನಲಿಲ್ಲವಂತೆ. ನನಗೆ ಆಗ ಅದೆಲ್ಲ ಗಮನದಲ್ಲಿರಲಿಲ್ಲ. ನನಗಿನ್ನೂ ಉತ್ತರ ಸಿಕ್ಕಿರಲಿಲ್ಲ. ಬೀದಿಗೆ ಬೀದಿಯೇ ನಗುತ್ತಿತ್ತು, ಅಕ್ಕ ಆರತಿ ತಟ್ಟೆ ಕೆಳಗಿಟ್ಟು ನಗುತ್ತಿದ್ದಳು, ನಾನೊಬ್ಬನೇ ಬಾಯಿ ತೆರೆದುಕೊಂಡು ನಿಂತಿದ್ದೆ. ಕಮಲಾಕ್ಷಿ ನನ್ನನ್ನು ದಾಟಿ ದಾರಿಯ ಕಡೆ ನೋಡಿದಳು. ಮಾವ ಸಿಟ್ಟಿನಲ್ಲಿ ಹಿಮ್ಮಡಿ ಊರಿದ ಕಡೆ ಗೇಟಿನ ಪಕ್ಕದ ಅಂಚು ಒಂದು ಚೂರು ಕಿತ್ತುಬಂದಿತ್ತು. ಅದು ನಾನು ಕುಟ್ಟುವುದನ್ನು ಅರ್ಧಕ್ಕೆ ಬಿಟ್ಟು, ದಮ್ಮಸು ಎಸೆದು ಒಳಗೆ ಹೋಗಿದ್ದ ಜಾಗ. ಅವಳು ರೇಷ್ಮೆಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಇಷ್ಟ ಇದೆ," ಎಂದಳು. "ಹೋಗಿ ಒಂದು ಬಿಂದಿಗೆ ನೀರು ತನ್ನಿ. ಚಪ್ಪರ ಹಾಕೋಕೆ ಮೊದ್ಲು ಆ ಅಂಚು ಸರಿ ಮಾಡ್ಬೇಕು."